ನಾಡಪ್ರಭುವಿನ ಹೆಸರಲ್ಲಿ ನಾಡೇ ಮೊದಲು

ಯಲಹಂಕ ನಾಡಪ್ರಭು ಎಂಬ ಬಿರುದಿನಲ್ಲಿ ಇರುವುದು ಮೂರೇ ಮಾತು: ಊರು, ನಾಡು, ಪ್ರಭು. ಅದರಲ್ಲಿ ಕುಲದ ಹೆಸರಿಲ್ಲ, ಬೆಡಗಿನ ಹೆಸರಿಲ್ಲ, ಮೂಲಪುರುಷನ ಹೆಸರೂ ಇಲ್ಲ. ಬೆಂಗಳೂರು ಪೇಟೆಯನ್ನು ಕಟ್ಟಿದ ಕೆಂಪೇಗೌಡರ ಮನೆತನ ತಲೆಮಾರುಗಳ ಕಾಲ ತನ್ನನ್ನು ಗುರುತಿಸಿಕೊಂಡದ್ದು ಆಳುವ ನೆಲದ ಹೆಸರಿನಿಂದ. ನಾಡು ಎಂಬುದು ಹಲವು ಹಳ್ಳಿಗಳನ್ನು ಒಳಗೊಂಡ ಆಡಳಿತ ಘಟಕ. ಕರ್ನಾಟಕದ ಶಾಸನಗಳಲ್ಲಿ ನಾಡುಗಳ ಹೆಸರಿನ ಮುಂದೆ ಹಳ್ಳಿಗಳ ಲೆಕ್ಕ ಬರುವುದೂ ಅದಕ್ಕೇ. ಪ್ರಭು ಎಂದರೆ ಆ ಘಟಕದ ಹೊಣೆ ಹೊತ್ತವನು. ತೆರಿಗೆ ಎತ್ತುವುದು, ಕೆರೆ ಕಟ್ಟಿಸುವುದು, ಕಾಳಗಕ್ಕೆ ಜನ ಕೂಡಿಸುವುದು ಅವನ ಕೆಲಸ. ಅಂದರೆ ಬಿರುದೇ ಒಂದು ಹುದ್ದೆಯ ವಿವರಣೆ.

ಈಗ ಚಾಲ್ತಿಯಲ್ಲಿರುವ ಮತ ಇದಕ್ಕೆ ತದ್ವಿರುದ್ಧವಾದದ್ದು. ಕೆಂಪೇಗೌಡರ ಪರಂಪರೆ ನೆತ್ತರಿನಿಂದ ಇಳಿದು ಬರುವ ಸ್ವತ್ತು, ಒಂದು ಸಮುದಾಯದ ಪಿತ್ರಾರ್ಜಿತ; ಅದಕ್ಕೆ ಒಂದೇ ಮುಖ, ಒಂದೇ ವೇಷ, ಒಂದೇ ಲಾಂಛನ; ಅದರ ಆರಂಭ ಪೇಟೆಗೆ ಅಡಿಪಾಯ ಬಿದ್ದ 1537 ಎಂಬುದು ಆ ಮತದ ಸಾರ. ಜಯಂತಿಯ ಭಾಷಣಗಳಲ್ಲಿ, ವೃತ್ತಗಳ ಫಲಕಗಳಲ್ಲಿ, ಚುನಾವಣೆ ಹತ್ತಿರ ಬಂದಾಗ ಬಳ್ಳಾರಿ ರಸ್ತೆಯುದ್ದಕ್ಕೂ ಏಳುವ ಫ್ಲೆಕ್ಸ್‌ಗಳಲ್ಲಿ ಈ ಮತವೇ ಕಾಣುತ್ತದೆ. ಎದುರಾಳಿ ಜಾತಿಗಳ ರಾಜಕಾರಣಿಗಳೂ ಇದನ್ನು ಒಪ್ಪಿಕೊಂಡೇ ಮಾತಾಡುತ್ತಾರೆ: ಅದು ಅವರದು, ನಮ್ಮದು ಬೇರೆ ಎಂದು. ಹೀಗೆ ಹಕ್ಕು ಸಾಧಿಸುವವರೂ ಬಿಟ್ಟುಕೊಡುವವರೂ ಸೇರಿ ಒಂದು ನಾಡಿನ ಚರಿತ್ರೆಯನ್ನು ಒಂದು ಮನೆಯ ಜಗಲಿಗೆ ತಂದು ಕಟ್ಟಿದ್ದಾರೆ. ಈ ಮತ ಚರಿತ್ರೆಯ ಆಧಾರಕ್ಕೆ ನಿಲ್ಲುವುದಿಲ್ಲ. ಅಷ್ಟೇ ಅಲ್ಲ, ಆ ಮನೆತನಕ್ಕೇ ಅದು ಅನ್ಯಾಯ ಮಾಡುತ್ತದೆ.

ನಾಡು ಮನೆತನಕ್ಕಿಂತ ಹಳೆಯದು ಎಂಬುದರಿಂದಲೇ ತೊಡಗಬೇಕು. 2018ರಲ್ಲಿ ಹೆಬ್ಬಾಳದ ರೈಲು ಹಳಿಯ ಬಳಿ ಕಾಮಗಾರಿ ನಡೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕನ್ನಡ ಬರಹ ಅದರ ಮೇಲಿದೆ. ಕಾಳಗದಲ್ಲಿ ಮಡಿದ ಕಿತ್ತಯ್ಯ ಎಂಬ ವೀರನ ಹೆಸರನ್ನೂ ಪೆರ್ಬೊಳಲ್ ನಾಡು ಮೂವತ್ತು ಎಂಬ ಘಟಕದ ಹೆಸರನ್ನೂ ಅದು ಕೊಡುತ್ತದೆ. ಬೆಂಗಳೂರಿನ ವ್ಯಾಪ್ತಿಯಲ್ಲಿ ಈವರೆಗೆ ದೊರೆತ ಕನ್ನಡ ಶಾಸನಗಳಲ್ಲಿ ಅತಿ ಹಳೆಯದೆಂದು ವಿದ್ವಾಂಸರು ಅದನ್ನು ಗುರುತಿಸಿದ್ದಾರೆ. ಅದಾಗಿ ನೂರೈವತ್ತು ವರ್ಷದೊಳಗೆ, ಸುಮಾರು 890ರ ಬೇಗೂರಿನ ವೀರಗಲ್ಲು ‘ಬೆಂಗಳೂರ ಕಾಳಗ’ವನ್ನು ಹೆಸರಿಸುತ್ತದೆ. ಬೆಂದ ಕಾಳು ತಿಂದ ಹೊಯ್ಸಳ ಅರಸನಿಂದ ಊರಿಗೆ ಈ ಹೆಸರು ಬಂತೆಂಬ ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಶಾಲೆಯ ಮಕ್ಕಳ ಬಾಯಲ್ಲಿ ಅದು ಇನ್ನೂ ಉಳಿದಿರುವುದು ಖೇದದ ಸಂಗತಿ. ಯಲಹಂಕವೂ ಹಾಗೆಯೇ. ಚೋಳರ ಕಾಲದ ತಮಿಳು ಶಾಸನಗಳಲ್ಲಿ ಅದು ಇಲೈಪ್ಪಾಕ್ಕ ನಾಡು, ಹೊಯ್ಸಳರ ಕಾಲದಲ್ಲಿ ಎಲಹಕ್ಕ ನಾಡು. ಕೆಂಪೇಗೌಡರ ಪೂರ್ವಿಕರು ಇಲ್ಲಿಗೆ ಬರುವ ಹೊತ್ತಿಗೆ ಈ ನಾಡಿಗೆ ಹೆಸರು, ಎಲ್ಲೆ, ಕೆರೆ, ಗುಡಿ, ಹೊಣೆಗಾರರು ಎಲ್ಲವೂ ಆಗಲೇ ಇದ್ದವು. ಅವರು ಇದ್ದ ನಾಡಿಗೆ ಪ್ರಭುಗಳಾದರು.

ಅವರು ಬಂದವರೇ ಎಂಬುದನ್ನು ಅವರ ಕಥೆಯೇ ಮುಚ್ಚಿಡುವುದಿಲ್ಲ. ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ ಐತಿಹ್ಯದ ಪ್ರಕಾರ, ಕಂಚಿಯ ಸೀಮೆಯಿಂದ ಏಳು ಮಂದಿ ಒಕ್ಕಲಿಗರು ಹೆಂಡಿರು ಮಕ್ಕಳನ್ನು ಬಂಡಿಗಳಲ್ಲಿ ಕೂರಿಸಿಕೊಂಡು ಹೊರಟು ನಂದಿಬೆಟ್ಟದ ಪೂರ್ವಕ್ಕಿರುವ ರಾಮಸ್ವಾಮಿ ಬೆಟ್ಟದ ಬುಡದಲ್ಲಿ ತಂಗಿದರು. ಮನೆಯ ಹೆಣ್ಣುಮಗಳನ್ನು ಬಲವಂತದಿಂದ ಮದುವೆಯಾಗಲು ಹೊರಟ ಪ್ರಬಲನಿಂದ ತಪ್ಪಿಸಿಕೊಂಡು ಅವರು ರಾತ್ರೋರಾತ್ರಿ ಊರು ಬಿಟ್ಟಿದ್ದರು. ಪಾಲಾರ್ ಹೊಳೆ ಅವರಿಗೆ ದಾರಿ ಬಿಟ್ಟಿತಂತೆ. ಮುಂದಾಳು ಬೈರೇಗೌಡ. ನೆಲೆ ನಿಂತದ್ದು ಇಂದಿನ ದೇವನಹಳ್ಳಿ ತಾಲ್ಲೂಕಿನ ಆವತಿಯಲ್ಲಿ. ಹೊಳೆ ದಾರಿ ಬಿಟ್ಟ ಭಾಗ ಪುರಾಣದ್ದಿರಬಹುದು. ಆದರೆ ಒಂದು ಆಳುವ ಮನೆತನ ತನ್ನ ಹುಟ್ಟನ್ನು ಸೂರ್ಯನಿಗೋ ಚಂದ್ರನಿಗೋ ಜೋಡಿಸದೆ, ಹೆಣ್ಣುಮಗಳ ಮಾನ ಕಾಯಲು ಬಂಡಿ ಕಟ್ಟಿದ ವಲಸೆಯಿಂದ ಆರಂಭಿಸಿಕೊಂಡಿತಲ್ಲ, ಅದು ಅಪರೂಪ. ಇಂಥ ಕಥೆಯನ್ನು ಉಳಿಸಿಕೊಂಡವರ ಹೆಸರಿನಲ್ಲಿ ನೆತ್ತರಿನ ಶುದ್ಧಿಯನ್ನು ಸಾರುವುದು ಅವರ ನೆನಪಿಗೇ ಎರಗಿದ ಪೆಟ್ಟು.

ಸಮುದಾಯದ ಹೆಸರುಗಳನ್ನೇ ಬಿಡಿಸಿ ನೋಡಿದರೂ ಸಿಗುವುದು ನೆಲ. ಆವತಿಯ ಮನೆತನ ಮೊರಸು ಒಕ್ಕಲು. ಮೊರಸು ನಾಡು ಎಂಬುದು ಬೆಂಗಳೂರು, ಕೋಲಾರ, ಹೊಸೂರು ಕಡೆಯ ಸೀಮೆಗೆ ಶಾಸನಗಳಲ್ಲಿ ಬರುವ ಹೆಸರು. ಗಂಗಡಿಕಾರ ಎಂಬ ಹೆಸರು ಗಂಗವಾಡಿಯಿಂದ ಬಂದದ್ದು. ಗೌಡ ಎಂಬ ಮಾತು ಗಾವುಂಡದಿಂದ ಇಳಿದದ್ದು. ಅದು ಊರಿನ ಮುಖ್ಯಸ್ಥನ ಹುದ್ದೆ. ಇಂದಿಗೂ ಗೌಡ ಎಂಬ ಹೆಸರು ಒಂದೇ ಜಾತಿಯಲ್ಲಿ ನಿಂತಿಲ್ಲ. ಒಕ್ಕಲಿಗರಲ್ಲಿ, ಲಿಂಗಾಯತರಲ್ಲಿ, ಕುರುಬರಲ್ಲಿ ಗೌಡರಿದ್ದಾರೆ. ಊರ ಗೌಡಿಕೆ ನಡೆಸಿದ ಮನೆಗಳೆಲ್ಲ ಅದನ್ನು ಇಟ್ಟುಕೊಂಡವು. ನಾಡಪ್ರಭು, ಮೊರಸು, ಗಂಗಡಿಕಾರ, ಗೌಡ: ಯಾವುದನ್ನು ಹಿಡಿದು ಎಳೆದರೂ ಬೇರು ತಗಲುವುದು ಮಣ್ಣಿಗೆ ಅಥವಾ ಕೆಲಸಕ್ಕೆ. ಇವುಗಳನ್ನು ನೆತ್ತರಿನ ಮಾತಾಗಿ ತಿರುಗಿಸಿದ್ದು ಜಾತಿಗಳನ್ನು ಪಟ್ಟಿ ಮಾಡಿ ತಲೆ ಎಣಿಸಿದ ಮೇಲಿನ ಕಾಲ.

ಆವತಿಯಿಂದ ಒಂದೇ ಕವಲು ಹೊರಡಲಿಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳಲ್ಲಿ ಒಂದೊಂದು ಪಾಳೆಯಪಟ್ಟು ನಿಂತಿತು; ಸುಗಟೂರಿನವರು ಕೋಲಾರ, ಹೊಸಕೋಟೆಯ ಕಡೆಗೆ ಕೈ ಚಾಚಿದರು; ಜಯಗೌಡರಿಂದ ಯಲಹಂಕದ ಶಾಖೆ ಆರಂಭವಾಯಿತು. ದೇವನಹಳ್ಳಿಯಲ್ಲಿ ಮಲ್ಲಬೈರೇಗೌಡ 1501ರಲ್ಲಿ ಮಣ್ಣಿನ ಕೋಟೆ ಕಟ್ಟಿದಾಗ ಕೆಂಪೇಗೌಡರು ಹುಟ್ಟಿರಲಿಲ್ಲ. 1749ರಲ್ಲಿ ಮೈಸೂರಿನ ಸೇನೆ ಅದನ್ನು ಗೆಲ್ಲುವ ತನಕ ಆ ಶಾಖೆ ಅಲ್ಲೇ ಆಳಿತು. ಇಂದು ಆ ಊರಿನ ನೆಲದಲ್ಲಿ ನಿಂತಿರುವ ವಿಮಾನ ನಿಲ್ದಾಣಕ್ಕೆ 2013ರಲ್ಲಿ ಇಟ್ಟದ್ದು ಯಲಹಂಕ ಶಾಖೆಯ ಕೆಂಪೇಗೌಡರ ಹೆಸರನ್ನು. ಆ ಹೆಸರು ಆ ನಿಲ್ದಾಣಕ್ಕೆ ತಕ್ಕದ್ದೇ. ಆದರೆ ನಿಲ್ದಾಣದಿಂದ ಕೂಗಳತೆಯ ದೂರದಲ್ಲಿ ಕೋಟೆ ಕಟ್ಟಿದ ದಾಯಾದಿ ಮನೆಯ ಹೆಸರು ಅಲ್ಲಿಗೆ ಬಂದಿಳಿಯುವ ಲಕ್ಷಾಂತರ ಜನರ ಕಿವಿಗೆ ಬೀಳುವುದೇ ಇಲ್ಲ. ವಂಶವನ್ನು ಕೊಂಡಾಡುತ್ತೇವೆ ಎನ್ನುವ ಮತ ವಂಶದ ಉಳಿದ ಕವಲುಗಳನ್ನು ಕತ್ತರಿಸಿ ಒಂದನ್ನು ಉಳಿಸಿಕೊಂಡಿದೆ. ಆ ಒಂದರೊಳಗೂ ಒಬ್ಬರನ್ನೇ.

ಯಲಹಂಕ ಶಾಖೆಯಲ್ಲಿ ಕೆಂಪೇಗೌಡ ಎಂಬ ಹೆಸರು ಮರಳಿ ಮರಳಿ ಬರುತ್ತದೆ. ಮನೆದೇವತೆ ಕೆಂಪಮ್ಮ, ತಂದೆ ಕೆಂಪನಂಜೇಗೌಡರು, 1537ರಲ್ಲಿ ಪೇಟೆಗೆ ಅಡಿಪಾಯ ಹಾಕಿದ ಹಿರಿಯ ಕೆಂಪೇಗೌಡರು, 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನ ದಾಳಿಗೆ ಬೆಂಗಳೂರನ್ನು ಕಳೆದುಕೊಂಡು ಮಾಗಡಿಗೆ ಹೋದ ಪೀಳಿಗೆ, ಅಲ್ಲಿ ಮತ್ತೆ ಕೋಟೆ, ಗುಡಿ ಕಟ್ಟಿದ ಮುಂದಿನವರು, ಕೊನೆಗೆ 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನ ಸೇನೆಗೆ ಸೋತು ಶ್ರೀರಂಗಪಟ್ಟಣದ ಸೆರೆ ಸೇರಿದ ಕೆಂಪವೀರಪ್ಪಗೌಡರು. ಎರಡು ಶತಮಾನಗಳ ಈ ಸರಣಿಯನ್ನು ಜನಪ್ರಿಯ ನೆನಪು ಒಬ್ಬ ಮನುಷ್ಯನ ಆಯುಷ್ಯಕ್ಕೆ ಅಡಕಿ ತುಂಬಿದೆ. ಯಾರು ಯಾವ ಗುಡಿ ಕಟ್ಟಿಸಿದರು, ಯಾರು ಯಾವ ಕೆರೆಗೆ ತೂಬು ಇಡಿಸಿದರು ಎಂದು ಬಿಡಿಸುವುದು ಅದರಿಂದಲೇ ಕಷ್ಟವಾಗಿದೆ. ಸೋಲು, ಸೆರೆ, ವಲಸೆಗಳು ಅಳಿಸಿಹೋಗಿವೆ. ಹಿರಿಯ ಕೆಂಪೇಗೌಡರೇ ಅಪ್ಪಣೆಯಿಲ್ಲದೆ ಬೈರವನ ನಾಣ್ಯ ಟಂಕಿಸಿದ್ದಕ್ಕೆ ವಿಜಯನಗರದ ಅಳಿಯ ರಾಮರಾಯನ ಕೋಪಕ್ಕೆ ಗುರಿಯಾಗಿ ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿದ್ದರೆಂಬ ಪ್ರತೀತಿಯಿದೆ. ತನ್ನ ನಾಡಿನ ಮಾರುಕಟ್ಟೆಗೆ ತನ್ನದೇ ನಾಣ್ಯ ಬೇಕೆಂದು ಹೊರಟು ಅದಕ್ಕೆ ಬೆಲೆ ತೆತ್ತ ಆ ಮನುಷ್ಯ ಕಂಚಿನ ವಿಗ್ರಹಕ್ಕಿಂತ ಎಷ್ಟೋ ದೊಡ್ಡವರು.

ಒಬ್ಬರ ತಲೆಗೆ ಎಲ್ಲವನ್ನೂ ಕಟ್ಟುವ ಈ ಅಭ್ಯಾಸದಿಂದ ಹೆಚ್ಚು ನೊಂದವರು ಆ ಸಮುದಾಯದ ಹೆಂಗಸರೇ. ಮೊರಸು ಒಕ್ಕಲಿನ ಒಂದು ಪಂಗಡದಲ್ಲಿ ಹೆಣ್ಣುಮಕ್ಕಳ ಕೊನೆಯ ಎರಡು ಬೆರಳುಗಳ ಗೆಣ್ಣು ಕತ್ತರಿಸುವ ಪದ್ಧತಿ ಇತ್ತು. ಬಂಡಿ ದೇವರ ಆಚರಣೆಯೊಂದಿಗೆ ಅದು ಬೆಸೆದುಕೊಂಡಿತ್ತು. ಹಿರಿಯ ಕೆಂಪೇಗೌಡರು ಅದನ್ನು ನಿಲ್ಲಿಸಿದರು ಎಂದು ಪ್ರತಿ ಜಯಂತಿಯಲ್ಲೂ ಹೇಳಲಾಗುತ್ತದೆ. ಅವರು ತಡೆಯಲು ಮನಸ್ಸು ಮಾಡಿರಬಹುದು. ಮಾಡಿದ್ದರೆ ಅದು ದೊಡ್ಡ ಮನಸ್ಸು. ಆದರೆ ಪದ್ಧತಿ ನಿಲ್ಲಲಿಲ್ಲ. ಅವರು ತೀರಿಕೊಂಡು ಇನ್ನೂರು ವರ್ಷ ಕಳೆದ ಮೇಲೆ, 19ನೇ ಶತಮಾನದ ಆರಂಭದಲ್ಲಿ, ಬ್ರಿಟಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್ ದೇವನಹಳ್ಳಿಯ ಸುತ್ತ ಈ ಪದ್ಧತಿಯನ್ನು ವಿವರಿಸುತ್ತಾನೆ: ಹಿರಿಯ ಮಗಳ ಕಿವಿ ಚುಚ್ಚಿಸುವ ಮೊದಲು ತಾಯಿ ತನ್ನ ಉಂಗುರ ಬೆರಳು, ಕಿರುಬೆರಳುಗಳ ತುದಿಯನ್ನು ಕೊಡಬೇಕಿತ್ತು. ಅಷ್ಟು ತಲೆಮಾರುಗಳ ತಾಯಂದಿರು ಆ ನೋವನ್ನು ತಿಂದರು. 16ನೇ ಶತಮಾನದಲ್ಲೇ ಒಬ್ಬ ಪುಣ್ಯಪುರುಷ ಅದನ್ನು ಮುಗಿಸಿದರು ಎಂದು ಸಾರಿದ ಕ್ಷಣವೇ ಆ ತಾಯಂದಿರೆಲ್ಲ ಚರಿತ್ರೆಯಿಂದ ಹೊರಗೆ ಬೀಳುತ್ತಾರೆ. ಪರಂಪರೆಯ ಹೆಸರಿನಲ್ಲಿ ನಡೆಯುವ ಮರೆವುಗಳಲ್ಲಿ ಇದರಷ್ಟು ಕಠೋರವಾದದ್ದು ಬೇರೊಂದಿಲ್ಲ.

ಕುಲಕ್ಕೊಂದು ಗುರುತು, ಅದು ಅನಾದಿಯಿಂದ ಬಂದದ್ದು ಎಂಬ ನಂಬಿಕೆ ಹೇಗೆ ತಯಾರಾಗುತ್ತದೆ ಎಂಬುದಕ್ಕೆ ಜಗತ್ತಿನಲ್ಲಿ ಅತ್ಯಂತ ಚೆನ್ನಾಗಿ ದಾಖಲಾದ ಉದಾಹರಣೆ ಸ್ಕಾಟ್‌ಲೆಂಡಿನ ಟಾರ್ಟಾನ್. ಇದು ಬಣ್ಣಬಣ್ಣದ ಉಣ್ಣೆಯ ಎಳೆಗಳು ಹಾಸಿನಲ್ಲೂ ಹೊಕ್ಕಿನಲ್ಲೂ ಒಂದೇ ಲೆಕ್ಕದಲ್ಲಿ ಬರುವಂತೆ ನೇಯುವ ಚೌಕಳಿ ಬಟ್ಟೆ. ಮ್ಯಾಕ್‌ಡೊನಾಲ್ಡ್, ಕ್ಯಾಂಬೆಲ್, ಬುಕಾನನ್ ಮುಂತಾದ ಒಂದೊಂದು ಕುಲಕ್ಕೂ ತನ್ನದೇ ಚೌಕಳಿ ಇದೆ, ಪೂರ್ವಿಕರು ಯುದ್ಧಭೂಮಿಯಲ್ಲಿ ಅದನ್ನುಟ್ಟೇ ಒಬ್ಬರನ್ನೊಬ್ಬರು ಗುರುತಿಸುತ್ತಿದ್ದರು ಎಂದು ಲೋಕವೆಲ್ಲ ನಂಬಿದೆ. ಬಟ್ಟೆ ಹಳೆಯದು ನಿಜ. ಗ್ಲೆನ್ ಆಫ್ರಿಕ್ ಎಂಬಲ್ಲಿ ಕೆಸರಿನಡಿ ಸಿಕ್ಕ ತುಂಡೊಂದನ್ನು 16ನೇ ಶತಮಾನದ್ದೆಂದು ಗುರುತಿಸಲಾಗಿದೆ. ಆದರೆ 1703ರಲ್ಲಿ ಪಶ್ಚಿಮ ದ್ವೀಪಗಳ ವಿವರ ಬರೆದ ಮಾರ್ಟಿನ್ ಮಾರ್ಟಿನ್ ಹೇಳುವುದು ಬೇರೆ ಮಾತು: ಚೌಕಳಿ ದ್ವೀಪದಿಂದ ದ್ವೀಪಕ್ಕೆ, ಸೀಮೆಯಿಂದ ಸೀಮೆಗೆ ಬದಲಾಗುತ್ತದೆ, ಬಲ್ಲವರು ಅದನ್ನು ನೋಡಿ ಉಟ್ಟವನ ಊರು ಯಾವುದೆಂದು ಹೇಳಬಲ್ಲರು. ಊರು, ಕುಲವಲ್ಲ. ಆಯಾ ಸೀಮೆಯ ನೇಕಾರ, ಆಯಾ ಸೀಮೆಯಲ್ಲಿ ಸಿಗುವ ಬಣ್ಣದ ಬೇರು ಮತ್ತು ಪಾಚಿ ಸೇರಿ ಮಾದರಿ ಹುಟ್ಟುತ್ತಿತ್ತು. 1746ರ ಕಲೊಡನ್ ಕಾಳಗದಲ್ಲಿ ಬಂಡಾಯಗಾರರ ಗುರುತು ಟೊಪ್ಪಿಗೆಗೆ ಸಿಕ್ಕಿಸಿಕೊಂಡ ಬಿಳಿ ರಿಬ್ಬನ್ನು. ಆ ಕಾಲದ ಚಿತ್ರದಲ್ಲಿ ಒಬ್ಬನೇ ಸೈನಿಕ ಎರಡು ಮೂರು ಬಗೆಯ ಚೌಕಳಿಗಳನ್ನು ಒಟ್ಟಿಗೆ ತೊಟ್ಟಿದ್ದಾನೆ.

ಕಲೊಡನ್ನಿನಲ್ಲಿ ಬಂಡಾಯಗಾರರು ಸೋತ ನಂತರ ಲಂಡನ್ನಿನ ಸಂಸತ್ತು ಗುಡ್ಡಗಾಡಿನವರ ಉಡುಪನ್ನೇ ಕಾನೂನಿನಿಂದ ನಿಷೇಧಿಸಿತು. 1782ರಲ್ಲಿ ಆ ಕಾನೂನು ರದ್ದಾಯಿತು. ನಡುವಿನ ಮೂರೂವರೆ ದಶಕದಲ್ಲಿ ಮನೆಮನೆಯ ನೇಯ್ಗೆಯ ನೆನಪು ಎಷ್ಟೋ ಕಡೆ ಕಡಿದುಹೋಯಿತು. ಆ ಖಾಲಿ ಜಾಗಕ್ಕೆ ವ್ಯಾಪಾರ ಬಂತು. ಬ್ಯಾನಕ್‌ಬರ್ನ್ ಎಂಬ ಊರಿನ ವಿಲ್ಸನ್ ಎಂಬ ನೇಯ್ಗೆ ಸಂಸ್ಥೆ ಸೈನ್ಯಕ್ಕೂ ಅಂಗಡಿಗಳಿಗೂ ಚೌಕಳಿ ನೇದು ಮಾರುತ್ತಿತ್ತು. ಅದರ ಎಷ್ಟೋ ಮಾದರಿಗಳಿಗೆ ಮೊದಲಿಗೆ ಇದ್ದದ್ದು ಬರೀ ಸಂಖ್ಯೆ. ಆಮೇಲೆ ಊರಿನ ಹೆಸರು, ಗಿರಾಕಿಗಳು ಕೇಳತೊಡಗಿದಂತೆ ಕುಲದ ಹೆಸರು. 1815ರಲ್ಲಿ ಲಂಡನ್ನಿನ ಹೈಲ್ಯಾಂಡ್ ಸೊಸೈಟಿ ಕುಲದ ಮುಖ್ಯಸ್ಥರಿಗೆಲ್ಲ ನಿಮ್ಮ ನಿಮ್ಮ ಟಾರ್ಟಾನಿನ ತುಂಡಿಗೆ ಮುದ್ರೆ ಒತ್ತಿ ಕಳಿಸಿ ಎಂದು ಪತ್ರ ಬರೆಯಿತು. ಕೇಳಿ ತರಿಸಿಕೊಳ್ಳಬೇಕಾಗಿ ಬಂತು ಎಂಬುದರಲ್ಲೇ ಅಂಥ ಪಟ್ಟಿ ಅದಕ್ಕೆ ಮೊದಲು ಇರಲಿಲ್ಲ ಎಂಬುದು ತಿಳಿಯುತ್ತದೆ. 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಊರಿಗೆ ಊರನ್ನೇ ಚೌಕಳಿಯಲ್ಲಿ ಸಿಂಗರಿಸಿದ. 1842ರಲ್ಲಿ ತಮ್ಮನ್ನು ರಾಜವಂಶದವರೆಂದು ಹೇಳಿಕೊಂಡ ಇಬ್ಬರು ಸಹೋದರರು ಹಳೆಯ ಹಸ್ತಪ್ರತಿಯೆಂದು ಹೇಳಿ ಕುಲವಾರು ಟಾರ್ಟಾನುಗಳ ಗ್ರಂಥ ಪ್ರಕಟಿಸಿದರು. ಹಸ್ತಪ್ರತಿ ಕಟ್ಟುಕಥೆ ಎಂದು ಸಾಬೀತಾಗಿದೆ. ಆದರೂ ಅದರಲ್ಲಿನ ಹಲವು ಮಾದರಿಗಳು ಇಂದು ಅಧಿಕೃತ ಕುಲಚಿಹ್ನೆಗಳು. ಊರಿನ ಗುರುತಾಗಿದ್ದ ಬಟ್ಟೆ ಎರಡು ಪೀಳಿಗೆಯಲ್ಲಿ ನೆತ್ತರಿನ ಗುರುತಾಯಿತು.

ಈ ಕಥೆಯ ಒಂದು ಎಳೆ ಬೆಂಗಳೂರಿಗೇ ಬಂದು ಸೇರುತ್ತದೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯ ಮೇಲೆ ಮೈಸೂರು ಸೀಮೆಯನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್ ಸ್ಕಾಟ್‌ಲೆಂಡಿನವನು. 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಅವನ ಪ್ರವಾಸ ವರದಿ ಬೆಂಗಳೂರು ಪೇಟೆಯ ನೇಯ್ಗೆಯನ್ನು ಬಿಡಿಬಿಡಿಯಾಗಿ ದಾಖಲಿಸಿದೆ: ರೇಷ್ಮೆ ನೇಯುವ ಪಟ್ಟೆಗಾರರು, ಖತ್ರಿಗಳು, ಹತ್ತಿಯ ನೇಯ್ಗೆಯ ದೇವಾಂಗರು, ತೊಗಟರು, ಯಾರು ಯಾವ ಬಟ್ಟೆ ನೇಯುತ್ತಾರೆ, ಬಣ್ಣ ಹೇಗೆ ಹಾಕುತ್ತಾರೆ, ಕೂಲಿ ಎಷ್ಟು ಎಂದು. ಬಟ್ಟೆಯನ್ನು ಅವನು ಇಲ್ಲಿ ಗುರುತಿಸಿದ್ದು ನೇದ ಕೈಯಿಂದ. ಇದೇ ಬುಕಾನನ್ ಮುಂದೆ ಊರಿಗೆ ಮರಳಿ, ತಾಯಿಯ ಕಡೆಯ ಆಸ್ತಿಯೊಂದಿಗೆ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಪಡೆದು, 1820ರ ದಶಕದಲ್ಲಿ ತಾನೇ ಬುಕಾನನ್ ಕುಲದ ಮುಖ್ಯಸ್ಥನೆಂದು ಹಕ್ಕು ಸಾಧಿಸಿದ. ಅವನ ನಂತರ ಬಹುಕಾಲ ತೆರವಾಗಿದ್ದ ಆ ಸ್ಥಾನಕ್ಕೆ 2018ರಲ್ಲಿ ಮತ್ತೊಬ್ಬರಿಗೆ ಮಾನ್ಯತೆ ಸಿಕ್ಕಿತು. ಇಂದು ಆ ಕುಲದ ಹೆಸರಿನಲ್ಲಿ ಮಾರಾಟವಾಗುವ ಹೆಸರುವಾಸಿ ಚೌಕಳಿಯಲ್ಲಿ ಎಡಬಲದ ಎಳೆಗಳು ಸರಿಹೊಂದುವುದಿಲ್ಲ. 1840ರ ದಶಕದ ಚಿತ್ರಗ್ರಂಥವೊಂದರಲ್ಲಾದ ತಪ್ಪೇ ಅದಕ್ಕೆ ಕಾರಣವೆಂದು ಹೇಳುತ್ತಾರೆ. ಚಿತ್ರಕಾರನ ಕೈತಪ್ಪು ಕುಲದ ಕುರುಹಾಗಿ ನಿಂತಿತು. ಅದನ್ನು ಪ್ರೀತಿಯಿಂದ ಉಡುವವರ ಪ್ರೀತಿ ಸುಳ್ಳಲ್ಲ. ಅದು ಅನಾದಿ ಎಂಬ ಹಕ್ಕುದಾರಿಕೆ ಮಾತ್ರ ಸುಳ್ಳು.

ಕನ್ನಡ ನಾಡಿನಲ್ಲೂ ಲಾಂಛನಗಳು ಮನೆಯಿಂದ ಮನೆಗೆ ಕೈ ಬದಲಾಯಿಸಿವೆ. ಗಂಡಭೇರುಂಡವನ್ನೇ ನೋಡಬಹುದು. 1047ರಲ್ಲಿ ಬಳ್ಳಿಗಾವೆಯಲ್ಲಿ ಚಾವುಂಡರಾಯರಸ ನಿಲ್ಲಿಸಿದ ಕಂಬದ ಮೇಲೆ ಅದಿದೆ; ವಿಜಯನಗರದ ಅಚ್ಯುತರಾಯನ ನಾಣ್ಯಗಳ ಮೇಲಿದೆ; ಮೈಸೂರು ಒಡೆಯರ ಲಾಂಛನವಾಯಿತು; ಈಗ ಕರ್ನಾಟಕ ಸರ್ಕಾರದ ಮುದ್ರೆ. ನೆತ್ತರಿನ ನಂಟಿಲ್ಲದ ನಾಲ್ಕು ಆಳ್ವಿಕೆಗಳು ಒಂದೇ ಹಕ್ಕಿಯನ್ನು ಹೊತ್ತವು. ಅದನ್ನು ಯಾರೂ ಕದ್ದರು ಎನ್ನುವುದಿಲ್ಲ. ನಾಡನ್ನು ವಹಿಸಿಕೊಂಡವರು ಲಾಂಛನವನ್ನೂ ವಹಿಸಿಕೊಂಡರು. ಕೆಂಪೇಗೌಡರ ಬೈರವನ ನಾಣ್ಯವೂ ಹೀಗೆಯೇ ಹಲವರು ಸೇರಿ ಪೂಜಿಸಿದ ದೇವರ ಹೆಸರನ್ನು ಹೊತ್ತದ್ದು.

ಮೇಖ್ರಿ ವೃತ್ತದ ಬಳಿ, ಬಳ್ಳಾರಿ ರಸ್ತೆಯ ಪಕ್ಕದಲ್ಲಿ ನಿಂತಿರುವ ಪುಟ್ಟ ಗೋಪುರ ಆರ್.ಟಿ. ನಗರ, ಗಂಗಾನಗರದ ಜನ ದಿನವೂ ನೋಡುವ ಲಾಂಛನ. ಲಾಲ್‌ಬಾಗ್, ಹಲಸೂರು, ಕೆಂಪಾಂಬುಧಿಯ ಬಳಿಯ ಇನ್ನು ಮೂರರೊಂದಿಗೆ ಇದು ಹಿಂದಿನ ಬಿಬಿಎಂಪಿಯ ಕಾಗದದಿಂದ ಹಿಡಿದು ಆಟೊಗಳ ಬೆನ್ನಿನವರೆಗೆ ಹಬ್ಬಿದೆ. ಊರು ಇಷ್ಟು ದೂರ ಬೆಳೆಯುತ್ತದೆ ಎಂದು ಹಿರಿಯ ಕೆಂಪೇಗೌಡರು ಭವಿಷ್ಯ ನುಡಿದು ಇವನ್ನು ನಿಲ್ಲಿಸಿದರು ಎಂಬುದು ಜನಪ್ರಿಯ ವಿವರಣೆ. ಗೋಪುರಗಳನ್ನು ಕಟ್ಟಿಸಿದವರು ಇಮ್ಮಡಿ ಕೆಂಪೇಗೌಡರು ಎಂಬುದು ಚರಿತ್ರೆಕಾರರ ಸಾಮಾನ್ಯ ಅಭಿಪ್ರಾಯ. ಭವಿಷ್ಯವಾಣಿಗೆ ಶಾಸನದ ಆಧಾರವಿಲ್ಲ. ಈ ವಿವರಣೆಯಲ್ಲಿ ಇನ್ನೂ ದೊಡ್ಡ ತೊಡಕಿದೆ. ನಾಲ್ಕು ಗೋಪುರಗಳು ಕೆಂಪೇಗೌಡರ ಲೋಕದ ಎಲ್ಲೆಯೆಂದರೆ, ಮೇಖ್ರಿ ವೃತ್ತದಿಂದ ಉತ್ತರಕ್ಕೆ ಸುಮಾರು ಹತ್ತು ಕಿಲೋಮೀಟರ್ ಆಚೆ ಇರುವ ಯಲಹಂಕವೇ ಎಲ್ಲೆಯ ಹೊರಗೆ ಬೀಳುತ್ತದೆ! ಕೊಡಿಗೇಹಳ್ಳಿಯ ಬಳಿಯ ಹಳೇ ಬೆಂಗಳೂರು ಹೊರಗೆ, ಹೆಬ್ಬಾಳ ಹೊರಗೆ, ಆವತಿ ಹೊರಗೆ. ಹೊಸ ಪೇಟೆಗೆ ಹಳೇ ಬೆಂಗಳೂರಿನ ಹೆಸರನ್ನೇ ಇಟ್ಟರೆಂಬ ಹೇಳಿಕೆ ಇರುವುದರಿಂದ, ಪೇಟೆಗೆ ಹೆಸರು ಕೊಟ್ಟ ಊರೂ ಲಾಂಛನದ ಲೆಕ್ಕಕ್ಕಿಲ್ಲ. ಗೋಪುರಗಳು ಒಂದು ಪೇಟೆಯ ಸುತ್ತಲಿನ ಎತ್ತರದ ನೆಲೆಗಳು. ಅವನ್ನೇ ಇಡೀ ಪರಂಪರೆಯ ಚೌಕಟ್ಟು ಮಾಡಿದಾಗ ಬೆಂಗಳೂರಿನ ಉತ್ತರ ಭಾಗ, ಅಂದರೆ ಆ ಮನೆತನದ ತವರು, ತನ್ನ ಚರಿತ್ರೆಯಲ್ಲೇ ಹೊರಗಿನದಾಯಿತು.

ವೇಷದ ಮಾತೂ ಹಾಗೆಯೇ. 2022ರ ನವೆಂಬರ್ 11ರಂದು ವಿಮಾನ ನಿಲ್ದಾಣದ ಬಳಿ ಅನಾವರಣಗೊಂಡ ಪ್ರತಿಮೆ 108 ಅಡಿ ಎತ್ತರದ್ದು, ರಾಮ್ ಸುತಾರ್ ಅವರ ಕೆಲಸ, ಕೈಯಲ್ಲಿ ಖಡ್ಗ. ಈಗ ಪಠ್ಯಪುಸ್ತಕದ ಚಿತ್ರದಿಂದ ನಾಟಕದ ವೇಷದವರೆಗೆ ಕೆಂಪೇಗೌಡರೆಂದರೆ ಈ ರೂಪವೇ. ಆದರೆ ಅವರ ಮನೆಯವರೇ ಮಾಡಿಸಿದ ರೂಪ ಒಂದು ಉಳಿದಿದೆ. ಶಿವಗಂಗೆಯ ಗಂಗಾಧರೇಶ್ವರನ ಗುಡಿಯಲ್ಲಿ, ಅವರು ತೀರಿಕೊಂಡು ನಲವತ್ತು ವರ್ಷಕ್ಕೆ, 1609ರಲ್ಲಿ ಇಟ್ಟ ಲೋಹದ ವಿಗ್ರಹ ಅದು. ಅಲ್ಲಿ ಅವರು ಕೈಮುಗಿದು ನಿಂತ ಭಕ್ತ. ಅವರನ್ನು ಕಣ್ಣಾರೆ ಕಂಡವರು ಇನ್ನೂ ಬದುಕಿದ್ದ ಕಾಲದಲ್ಲಿ ಮನೆತನ ತನ್ನ ಹಿರಿಯನನ್ನು ಹೇಗೆ ನೆನೆಯಬೇಕೆಂದು ಬಯಸಿತೋ ಅದಕ್ಕೆ ಆ ವಿಗ್ರಹವೇ ಸಾಕ್ಷಿ. ಖಡ್ಗ ಹಿಡಿದ ಎತ್ತರದ ಪ್ರತಿಮೆ ಇರಬಾರದೆಂದಲ್ಲ. ಅದೇ ಅಧಿಕೃತ, ಅದೇ ಏಕೈಕ ಎಂದಾಗ ಮನೆಯವರ ಮಾತನ್ನೇ ಬದಿಗೆ ಸರಿಸಿದಂತಾಗುತ್ತದೆ. ಆ ಪ್ರತಿಮೆಗಾಗಿ ರಾಜ್ಯದ ಸಾವಿರಾರು ಊರುಗಳಿಂದ ಹಿಡಿಹಿಡಿ ಮಣ್ಣು ತರಿಸಿದ್ದು ನಿಜಕ್ಕೂ ಅರ್ಥವಂತಿಕೆಯ ಕೆಲಸ. ನಾಡಪ್ರಭುವಿಗೆ ಸಲ್ಲಬೇಕಾದ ಕಾಣಿಕೆ ಮಣ್ಣೇ.

ನೆತ್ತರಿನ ವಾದದ ಪರವಾಗಿ ಒಂದು ಬಲವಾದ ಮಾತಿದೆ, ಅದನ್ನು ಕೇಳದೆ ಮುಂದೆ ಹೋಗುವುದು ಸರಿಯಲ್ಲ. ಬೆಂಗಳೂರಿನ ಚರಿತ್ರೆಯನ್ನು ಬಹುಕಾಲ ಕಂಟೋನ್ಮೆಂಟಿನಿಂದ, ಬ್ರಿಟಿಷ್ ಅಧಿಕಾರಿಗಳಾದ ಕಬ್ಬನ್ ಮತ್ತು ಬೌರಿಂಗರಿಂದ ಆರಂಭಿಸಿ ಹೇಳಲಾಯಿತು. ಉಳುವವರ ಮನೆಯಿಂದ ಬಂದವರು ಕೋಟೆ ಪೇಟೆ ಕಟ್ಟಿದರೆಂಬುದು ಬದಿಗೆ ಸರಿದಿತ್ತು. ಪಾಲಿಕೆಯ ಕಚೇರಿಯ ಮುಂದೆ ಕೆಂಪೇಗೌಡರ ಪ್ರತಿಮೆ ನಿಂತದ್ದು 1964ರಲ್ಲಿ. ಸರ್ಕಾರ ಜೂನ್ 27ರ ಜಯಂತಿಯನ್ನು ಆಚರಿಸತೊಡಗಿದ್ದು 2017ರಲ್ಲಿ. ಉತ್ತರ ಬೆಂಗಳೂರಿನ ಒಕ್ಕಲು ಮನೆಗಳು ತಮ್ಮ ಹೊಲಗದ್ದೆಗಳನ್ನು ಬಡಾವಣೆಗೆ, ರಸ್ತೆಗೆ, ವಿಮಾನ ನಿಲ್ದಾಣಕ್ಕೆ ಬಿಟ್ಟುಕೊಟ್ಟು ಕೈಯಲ್ಲಿ ಹೆಸರೊಂದನ್ನೇ ಉಳಿಸಿಕೊಂಡಿವೆ. ಆ ಹೆಸರನ್ನು ಗಟ್ಟಿಯಾಗಿ ಹಿಡಿದರೆ ತಪ್ಪೇನು ಎಂದು ಕೇಳುವವರ ನೋವು ನಿಜವಾದದ್ದು. ಆ ನೋವಿಗೆ ಗೌರವ ಸಲ್ಲಬೇಕು. ಆದರೆ ಅದಕ್ಕೆ ಮದ್ದು ಜಾತಿಯ ಬೇಲಿಯಲ್ಲ. ಉಳುವವರ ಘನತೆ ಇರುವುದು ಅವರು ಎಲ್ಲರಿಗಾಗಿ ಕಟ್ಟಿದ್ದರಲ್ಲಿ. ಬೇಲಿ ಹಾಕಿದಷ್ಟೂ ಕಟ್ಟಿದ್ದು ಕಾಣದಾಗುತ್ತದೆ.

ಕಟ್ಟಿದ್ದೇನೆಂದು ನೋಡಿದರೆ ವಾದ ತಾನೇ ಬಿದ್ದುಹೋಗುತ್ತದೆ. ಪೇಟೆಯ ಹೆಸರುಗಳೇ ಅದರ ಜನಗಣತಿ: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ನಗರ್ತಪೇಟೆ, ತಿಗಳರಪೇಟೆ. ನಾನಾ ಕಸುಬಿನ, ನಾನಾ ನುಡಿಯ ಜನರನ್ನು ಕರೆತಂದು ಕೂರಿಸಿದ ಊರಿದು. ಒಕ್ಕಲಿಗ ಪ್ರಭುವಿನ ಪೇಟೆಯಲ್ಲಿ ಕೇರಿಗೆ ಅವರ ಜಾತಿಯ ಹೆಸರಿಟ್ಟದ್ದು ಕಾಣುವುದಿಲ್ಲ. ಕೆಲಸ ಮಾಡುವವರ ಹೆಸರಿಟ್ಟಿದ್ದಾರೆ. ಕೆಂಪೇಗೌಡರ ಹೆಸರಿನಲ್ಲಿ ಗಂಗಾಗೌರೀವಿಲಾಸವೆಂಬ ತೆಲುಗು ಯಕ್ಷಗಾನವಿದೆ, ಪೂರ್ವಿಕರು ಬಂದದ್ದು ತಮಿಳು ಸೀಮೆಯಿಂದ, ನಾಡು ಕನ್ನಡದ್ದು, ಹಲಸೂರು, ಬೇಗೂರು, ವರ್ತೂರು, ಜಿಗಣಿ, ಕೆಂಗೇರಿ ಮುಂತಾದ ಹೋಬಳಿಗಳು ಬಂದದ್ದು ವಿಜಯನಗರದ ಅಚ್ಯುತರಾಯನಿಂದ. ಒಂದೇ ಬಣ್ಣದ ಎಳೆಯಿಂದ ಇದನ್ನು ನೇಯಲಾಗದು.

ಕೆರೆಗಳು ಇನ್ನೂ ಸ್ಪಷ್ಟವಾದ ದಾಖಲೆ. ಯಲಹಂಕ ಮತ್ತು ಅಲ್ಲಾಳಸಂದ್ರದ ಕೆರೆಗಳು ತುಂಬಿ ಹರಿದ ನೀರು ಜಕ್ಕೂರಿಗೆ, ಜಕ್ಕೂರಿನ ಕೋಡಿ ರಾಚೇನಹಳ್ಳಿಗೆ ಎಂಬಂತೆ ಈ ಸೀಮೆಯ ಕೆರೆಗಳು ಸರಪಳಿಯಾಗಿ ಹೆಣೆದುಕೊಂಡಿವೆ. ಅಲ್ಲಾಳಸಂದ್ರದ ಸಂದ್ರ ಸಮುದ್ರದ ಸವೆದ ರೂಪ. ಕೆರೆಯ ಹೆಸರೇ ಊರಿನ ಹೆಸರಾಯಿತು. ಮೇಲಿನ ಊರಿನವರು ತೂಬು ಮುಚ್ಚಿದರೆ ಕೆಳಗಿನ ಊರಿಗೆ ಬೆಳೆಯಿಲ್ಲ. ನೀರುಗಂಟಿ, ತೋಟಿ, ತಳವಾರ, ಒಕ್ಕಲು, ಹೂಳೆತ್ತುವ ಒಡ್ಡರು ಎಲ್ಲರ ಕೈ ಸೇರದೆ ಒಂದು ಏರಿಯೂ ನಿಲ್ಲುತ್ತಿರಲಿಲ್ಲ. ನಾಡಪ್ರಭು ಎಂಬ ಹುದ್ದೆ ಬೇಕಾದದ್ದು ಈ ಸರಪಳಿಯನ್ನು ಕಾಯಲು. ಹಿರಿಯ ಕೆಂಪೇಗೌಡರ ಕಾಲದ್ದೆಂದು ಹೇಳುವ ಹೆಬ್ಬಾಳ ಕೆರೆಯ ಮೇಲೆ ಈಗ ಮೇಲ್ಸೇತುವೆಯ ನೆರಳು ಬಿದ್ದಿದೆ. ಪೇಟೆಯ ಕಡೆ ಕೆಂಪಾಂಬುಧಿ ಕೊಳಚೆಯೊಂದಿಗೆ ಹೆಣಗುತ್ತಿದೆ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬರುವ ತನಕ ಪೇಟೆಗೆ ನೀರುಣಿಸಿದ ಕೆರೆಗಳಲ್ಲಿ ಧರ್ಮಾಂಬುಧಿಯೂ ಒಂದು. ಅದರ ಅಂಗಳದ ಮೇಲೆ ಈಗ ಬಸ್ಸುಗಳು ನಿಲ್ಲುತ್ತವೆ, ಮತ್ತು ಆ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿದೆ.